ಅಜ್ಞಾನಿಯ ಹುದ್ದೆ

ಭೌತಶಾಸ್ತ್ರದ ಪುಸ್ತಕ ಬರೆಯುವವರ ಮೇಲೆ ನನಗೆ ಕೆಂಡದಂಥ ಕೋಪವಿದೆ. ಆ ಮಹನೀಯರಿಗೆ ಎಲ್ಲಾದರೂ ಒಂದು ಲಿಫ್ಟ್ ಕಂಡರೆ ಸಾಕು, ಅದರ ಹಗ್ಗ ಕತ್ತರಿಸಿಬಿಡುತ್ತಾರೆ. ಒಳಗೊಬ್ಬ ಮನುಷ್ಯನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಹಗ್ಗ ಕಡಿದು, ಈಗ ಅವನ ತೂಕವೆಷ್ಟು ಎಂದು ಕೇಳುತ್ತಾರೆ. (ಅವನ ಹೆಂಡತಿ ಮಕ್ಕಳ ಗತಿಯೇನು ಎಂದು ಒಬ್ಬರೂ ಕೇಳುವುದಿಲ್ಲ.) ಇಪ್ಪತ್ತೆಂಟು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದ ನನ್ನ ಕಣ್ಣೆದುರು ಇವತ್ತಿನವರೆಗೆ ಒಂದು ಹಗ್ಗವೂ ಕಡಿದುಬಿದ್ದಿಲ್ಲ. ಇಂಥ ಪುಸ್ತಕಗಳು ನನ್ನ ಮನೆಗೆ ಬಂದದ್ದು ಮಗಳ ಪರೀಕ್ಷೆಯ ದೆಸೆಯಿಂದ.

ಬಿ.ಎಸ್‌ಸಿ. ಮುಗಿಸಿದ ಮಗಳು ಎಂ.ಎಸ್‌ಸಿ. ಭೌತಶಾಸ್ತ್ರಕ್ಕೇ ಸೇರುತ್ತೇನೆಂದು ಹಟ ಹಿಡಿದಿದ್ದಳು. ಅದಕ್ಕೊಂದು ಪ್ರವೇಶ ಪರೀಕ್ಷೆ. ಅವಳಿಗೆ ಬೇಕಾದ ವಿಶ್ವವಿದ್ಯಾಲಯದಲ್ಲಿ ಇದ್ದದ್ದು ಇಪ್ಪತ್ತೇ ಸೀಟು. ಪರೀಕ್ಷೆಗೆ ಐದು ತಿಂಗಳಿರುವಾಗ ಅವಳು ಊಟದ ಮೇಜಿನ ಮೇಲಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಹಾಳೆ ಅಂಟಿಸಿದಳು. ಯಂತ್ರಶಾಸ್ತ್ರ, ಉಷ್ಣಶಾಸ್ತ್ರ, ವಿದ್ಯುತ್ತು, ಕ್ವಾಂಟಮ್, ಒಂದೊಂದಕ್ಕೂ ಒಂದೊಂದು ಕಾಲಂ. ಬೆಳಿಗ್ಗೆ ಓದು, ಮಧ್ಯಾಹ್ನ ಲೆಕ್ಕ ಬಿಡಿಸುವುದು, ಸಂಜೆ ಆರರಿಂದ ಏಳರವರೆಗೆ ಪಾಠ ಒಪ್ಪಿಸುವುದು. ಯಾರಿಗೆ? ವಿಷಯದ ಗಂಧಗಾಳಿ ಇಲ್ಲದ ಒಬ್ಬ ಅಜ್ಞಾನಿಗೆ. ಅವನಿಗೆ ಅರ್ಥವಾದರೆ ತನಗೆ ಪಾಠ ಬಂದಿದೆ ಎಂದು ಹಸಿರು ಗುರುತು. ಆಗದಿದ್ದರೆ ಕೆಂಪು ಗುರುತು, ಆ ಪಾಠ ಮತ್ತೆ ಮೊದಲಿನಿಂದ.

ಈ ಘನವಾದ ಹುದ್ದೆಗೆ ನಮ್ಮ ಮನೆಯಲ್ಲಿ ಇಬ್ಬರು ಅರ್ಹ ಅಭ್ಯರ್ಥಿಗಳಿದ್ದೆವು. ಮೊದಲು ಸಂದರ್ಶನಕ್ಕೆ ಕೂತವಳು ನನ್ನ ಹೆಂಡತಿ. ಅವಳದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೆಲಸ. ಹಗಲೆಲ್ಲ ಊರವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸುಸ್ತಾಗಿ, ಮನೆಗೆ ಬಂದ ಮೇಲೆ ತಾನೇ ಪ್ರಶ್ನೆ ಕೇಳಿ ಸೇಡು ತೀರಿಸಿಕೊಳ್ಳುತ್ತಾಳೆ. (ಇಪ್ಪತ್ತನಾಲ್ಕು ವರ್ಷದ ಸ್ವಂತ ಅನುಭವದ ಮೇಲೆ ಹೇಳುತ್ತಿದ್ದೇನೆ.)

“ಶಾಖ ಬಿಸಿ ವಸ್ತುವಿಂದ ತಣ್ಣಗಿರೋ ವಸ್ತುವಿಗೆ ಹೋಗುತ್ತೆ ಅಮ್ಮಾ,” ಎಂದಳು ಮಗಳು.

“ಯಾಕೆ?”

“ಯಾಕಂದ್ರೆ... ಅದು ಉಷ್ಣಶಾಸ್ತ್ರದ ಎರಡನೇ ನಿಯಮ.”

“ನಿಯಮ ಇದೆ ಅಂತ ಹೋಗುತ್ತೋ, ಹೋಗೋದನ್ನ ನೋಡಿ ನಿಯಮ ಬರೆದ್ರೋ?”

ಎರಡು ಸಂಜೆ ಕಳೆದರೂ ಮೊದಲ ಪುಟ ದಾಟಲಿಲ್ಲ. ಹಾಳೆಯ ಮೇಲೆ ನಾಲ್ಕು ಕೆಂಪು ಗುರುತು ಬಿತ್ತು. “ಅಮ್ಮನ ಹತ್ರ ಹೇಳ್ತಾ ಕೂತ್ರೆ ನಾನು ಮುದುಕಿ ಆದ್ಮೇಲೇ ಪರೀಕ್ಷೆ ಬರೀಬೇಕು. ಅಪ್ಪಾ, ನೀವು ಬನ್ನಿ,” ಎಂದಳು ಮಗಳು. ನಾನು ಉಗುರಿನ ಸಂದಿಯ ಗ್ರೀಸ್ ತಿಕ್ಕಿ ತೊಳೆದು, ತಲೆ ಬಾಚಿಕೊಂಡು, ಪದಗ್ರಹಣ ಮಾಡಿದೆ.

ಮೊದಲ ದಿನದ ಪಾಠ ಎಂಟ್ರೊಪಿ. ಅರ್ಧ ಗಂಟೆ ಅವಳು ಕೈ ಆಡಿಸಿ ಆಡಿಸಿ ಹೇಳಿದಳು. ನನಗೆ ತಿಳಿದದ್ದು ‘ಅಪ್ಪಾ’ ಎಂಬ ಒಂದು ಶಬ್ದ. ಕೊನೆಗೆ ಅವಳು ಕಣ್ಣರಳಿಸಿ, “ಅರ್ಥ ಆಯ್ತಾ?” ಎಂದು ಕೇಳಿದಳು.

ನಮ್ಮ ಕಸುಬಿನಲ್ಲಿ ಮೊದಲ ದಿನವೇ ಕಲಿಸುವ ಪಾಠವೊಂದಿದೆ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ಜನ ಸಿಕ್ಕಿಕೊಂಡಿದ್ದರೆ, ಯಂತ್ರ ಮುಟ್ಟುವ ಮೊದಲು ಬಾಗಿಲಿಗೆ ಬಾಯಿಟ್ಟು, “ಏನಾಗಿದೆ ಅಂತ ಗೊತ್ತಾಯ್ತು ಸಾರ್, ಐದೇ ನಿಮಿಷ,” ಎನ್ನಬೇಕು. ಏನಾಗಿದೆಯೆಂದು ನಮ್ಮಪ್ಪನಾಣೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದುಬಿಟ್ಟರೆ ಒಳಗಿದ್ದವರು ಗಾಬರಿಬಿದ್ದು ಬಾಗಿಲು ಒದೆಯುತ್ತಾರೆ. ಮಗಳ ಮುಖದಲ್ಲಿ ನನಗೆ ಅದೇ ಗಾಬರಿ ಕಂಡಿತು. ನನ್ನ ಬಾಯಿ ನನ್ನನ್ನು ಕೇಳದೆಯೇ, “ಅರ್ಥ ಆಯ್ತು ಪುಟ್ಟೀ,” ಎಂದುಬಿಟ್ಟಿತು.

ಅವಳು ಹಸಿರು ಗುರುತು ಹಾಕಿದಳು. ಆಗ ಅವಳ ಮುಖ ನೋಡಬೇಕಿತ್ತು ನೀವು!

ಆಮೇಲೆ ನಾನು ಪಳಗಿದೆ. ಬರೀ ತಲೆಯಾಡಿಸಿದರೆ ಅನುಮಾನ ಬರುತ್ತದೆಂದು ಒಮ್ಮೆ ಹುಬ್ಬು ಗಂಟಿಕ್ಕಿ “ಊಂ?” ಎನ್ನುವುದು, ಅವಳು ಇನ್ನೊಮ್ಮೆ ಹೇಳಿದ ಮೇಲೆ “ಓಹೋ, ಹಾಗೋ ವಿಷಯ!” ಎನ್ನುವುದು. ಯೋಜನೆ ಗೊತ್ತುಮಾಡಿದ್ದಕ್ಕಿಂತ ಮೂರು ವಾರ ಮುಂದೆ ಓಡುತ್ತಿತ್ತು. ಹೆಂಡತಿಗೆ ಮಾತ್ರ ಸಮಾಧಾನವಿಲ್ಲ.

“ರೀ, ನಿಜವಾಗ್ಲೂ ಅರ್ಥ ಆಗುತ್ತಾ ನಿಮಗೆ?”

“ಯಾಕೆ, ನನ್ನ ತಲೇಲೇನು ಮಣ್ಣು ತುಂಬಿದೆಯಾ?”

“ಮೊನ್ನೆ ಮಿಕ್ಸಿ ಜೊತೆ ಬಂದ ಪುಸ್ತಕ ತಲೆಬುಡ ಗೊತ್ತಾಗ್ಲಿಲ್ಲ ಅಂತ ಬಿಸಾಕಿದ್ರಿ.”

“ಅದನ್ನ ಬರೆದವನು ಸರಿಯಿಲ್ಲ. ನನ್ನ ಮಗಳು ಚೆನ್ನಾಗಿ ಹೇಳ್ತಾಳೆ.”

ನಿಮ್ಮ ಹತ್ತಿರ ಮುಚ್ಚಿಡುವುದೇನು, ಇನ್ನೊಂದು ಕಾರಣವೂ ಇತ್ತು. ಕಾಲೇಜು ಸೇರಿದ ಮೇಲೆ ಮಗಳು ನನ್ನ ಜೊತೆ ಆಡುತ್ತಿದ್ದ ಮಾತು “ಹೂಂ”, “ಉಹೂಂ”, “ಚಾರ್ಜರ್ ಎಲ್ಲಿ” ಇಷ್ಟೇ. ಈಗ ದಿನಕ್ಕೊಂದು ಗಂಟೆ ನನ್ನೆದುರು ಕೂತು, ನನ್ನ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದಳು. ಅರ್ಥವಾಗಲಿಲ್ಲ ಎಂದರೆ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳಲ್ಲ ಎಂಬ ಭಯ ನನಗೆ. ಹೇಳಲು ನಾಚಿಕೆಯಾಗುತ್ತದೆ, ಆ ಐದು ತಿಂಗಳು ನಾನು ಬಹಳ ಸುಖವಾಗಿದ್ದೆ.

ನಡುವೆ ಒಂದೇ ಒಂದು ಸಲ, ಯಂತ್ರಶಾಸ್ತ್ರದ ಪಾಠದಲ್ಲಿ, ಜಗಳವಾಯಿತು.

“ಹಗ್ಗ ಕಡಿದು ಲಿಫ್ಟ್ ಬೀಳ್ತಾ ಇದೆ ಅಂತ ಇಟ್ಕೊಳ್ಳಿ ಅಪ್ಪಾ.”

“ಇಟ್ಕೊಳ್ಳಲ್ಲ.”

“ಅಪ್ಪಾ, ಸುಮ್ನೆ ಒಂದು ಊಹೆ.”

“ಐದು ಹಗ್ಗ ಇರುತ್ತೆ ಕಣೇ. ಐದೂ ಒಟ್ಟಿಗೆ ಕಡಿಯುತ್ತಾ? ಕಡಿದರೂ ವೇಗ ಜಾಸ್ತಿ ಆದ ತಕ್ಷಣ ಕೆಳಗಿನ ಬ್ರೇಕು ಹಳಿ ಕಚ್ಚಿಕೊಳ್ಳುತ್ತೆ. ಯಾರು ಬರೆದಿದ್ದು ಇದನ್ನ?”

ನಾಲ್ಕು ಸಂಜೆ ಕಾದಾಡಿದೆವು. ಅವಳು ಐದೂ ಹಗ್ಗಗಳ ಚಿತ್ರ ಬರೆದಳು, ಲಿಫ್ಟನ್ನು ಸಮತೂಗಿಸುವ ಎದುರುಭಾರ ತೂಗುಹಾಕಿದಳು, ನನ್ನ ಬ್ರೇಕನ್ನೂ ಸೇರಿಸಿ ಲೆಕ್ಕ ಹಾಕಿದಳು. ನಾನು ಅಡ್ಡಪ್ರಶ್ನೆ ಹಾಕಿದಾಗಲೆಲ್ಲ ಪುಸ್ತಕದ ಬುಡಕ್ಕೆ ಹೋಗಿ ಉತ್ತರ ಹುಡುಕಿ ತಂದಳು. ಹಾಳೆಯಲ್ಲಿ ಕೆಂಪೇ ಕೆಂಪು. ಐದನೆಯ ಸಂಜೆ, ಬೀಳುವ ಲಿಫ್ಟಿನಲ್ಲಿ ತೂಕದ ಯಂತ್ರ ಸೊನ್ನೆ ತೋರಿಸುತ್ತದೆಂದು ನಾನು ನಿಜವಾಗಿಯೂ ಒಪ್ಪಿಕೊಂಡೆ.

ಫಲಿತಾಂಶ ಬಂದ ಬೆಳಿಗ್ಗೆ ವಿಷಯವಾರು ಅಂಕಗಳೂ ಬಂದವು. ಯಂತ್ರಶಾಸ್ತ್ರದಲ್ಲಿ ಪೂರ್ತಿ ಅಂಕ. ಉಳಿದದ್ದೆಲ್ಲ ನೆಲಕಚ್ಚಿತ್ತು. ಒಂಬತ್ತು ಅಂಕದಲ್ಲಿ ಸೀಟು ತಪ್ಪಿತು. ಮಗಳು ಅಳಲಿಲ್ಲ. ಹಸಿರು ಗುರುತು ತುಂಬಿದ ಆ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿ, ಆಮೇಲೆ ನನ್ನ ಕಡೆ ತಿರುಗಿದಳು.

“ಅಪ್ಪಾ, ಎಂಟ್ರೊಪಿ ಅಂದ್ರೇನು ಹೇಳಿ.”

“ಅದು... ಈ ಬಿಸಿ ಇರುತ್ತಲ್ಲ...”

“ಒಂದೂ ಅರ್ಥ ಆಗಿರ್ಲಿಲ್ವಾ?”

“ಲಿಫ್ಟ್ ಅರ್ಥ ಆಗಿತ್ತು,” ಎಂದೆ.

“ನಂಗೂ ಅಷ್ಟೇ ಅರ್ಥ ಆಗಿದ್ದು ಅಪ್ಪಾ,” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಗಳ ಒಂದು ವರ್ಷವನ್ನು ನಾನು ಕೂತಲ್ಲೇ ತಲೆಯಾಡಿಸಿ ಹಾಳುಮಾಡಿದ್ದೆ. ಹೆಂಡತಿ ಕೂಡ ಆ ದಿನ ಒಂದೂ ಪ್ರಶ್ನೆ ಕೇಳಲಿಲ್ಲ. ಮಧ್ಯಾಹ್ನ ಕೆಲಸಕ್ಕೆ ಹೋದೆ. ಏಳು ಮಹಡಿಯ ಕಟ್ಟಡದಲ್ಲಿ ಒಬ್ಬರು ಸಿಕ್ಕಿಕೊಂಡಿದ್ದರು. ಬಾಗಿಲಿಗೆ ಬಾಯಿಟ್ಟರೆ ಗೊತ್ತಾಯ್ತು ಎನ್ನಲು ನಾಲಿಗೆ ಏಳಲಿಲ್ಲ. “ಏನಾಗಿದೆಯೋ ಗೊತ್ತಿಲ್ಲ ಸಾರ್, ನೋಡ್ತೀನಿ,” ಎಂದೆ. ಅವರು ಬಾಗಿಲು ಒದ್ದ ಸದ್ದಿಗೆ ಏಳೂ ಮಹಡಿಯವರು ಹೊರಗೆ ಬಂದರು.

ವಾರ ಕಳೆದ ಮೇಲೆ ಗೋಡೆಗೆ ಹೊಸ ಹಾಳೆ ಬಂತು. ಪರೀಕ್ಷೆ ಮತ್ತೆ ಮುಂದಿನ ವರ್ಷ. ಅಜ್ಞಾನಿಯ ಹುದ್ದೆಗೆ ಹೆಂಡತಿ ಅವಿರೋಧವಾಗಿ ಆಯ್ಕೆಯಾದಳು. ನನಗೆ ಸಂಜೆ ಆರರಿಂದ ಏಳರವರೆಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಖಾತೆ. ಈಚೆ ಕೂತು ನಾನು ಮಗಳ ದನಿ ಕೇಳಿಸಿಕೊಳ್ಳುತ್ತೇನೆ. ಅಷ್ಟಾದರೂ ಸಿಗುತ್ತದಲ್ಲ.

ಮೊನ್ನೆ ಮತ್ತೆ ಎಂಟ್ರೊಪಿ ಬಂತು. ಹೆಂಡತಿ ಹನ್ನೊಂದು ಸಲ ಯಾಕೆ ಎಂದಳು. ಮಗಳು ಈಗ ರೇಗುವುದಿಲ್ಲ. ಹನ್ನೊಂದನೆಯ ‘ಯಾಕೆ’ಗೆ ಹೀಗೆಂದಳು:

“ಅಪ್ಪನ ಸಾಮಾನಿನ ಚೀಲ ನೋಡಿದ್ದೀಯಲ್ಲ ಅಮ್ಮಾ. ಎಲ್ಲಾ ಅದರದರ ಜಾಗದಲ್ಲಿ ಇರೋಕೆ ಒಂದೇ ದಾರಿ. ಚೆಲ್ಲಾಪಿಲ್ಲಿ ಆಗೋಕೆ ಲಕ್ಷ ದಾರಿ. ಅದಕ್ಕೇ ಅಲ್ಲಾಡಿಸಿದಾಗೆಲ್ಲ ಚೆಲ್ಲಾಪಿಲ್ಲೀನೇ ಆಗುತ್ತೆ, ತಾನಾಗಿ ಸರಿಹೋಗಲ್ಲ. ಶಾಖ ಹರಡೋದೂ ಹಾಗೇ.”

ನನ್ನ ಕೈಯಲ್ಲಿ ಚಾಕು ನಿಂತಿತು. ಇಪ್ಪತ್ತೆಂಟು ವರ್ಷ ಆ ಚೀಲ ಹೊತ್ತವನು ನಾನು. ಬೀನ್ಸ್ ಬಿಸಾಕಿ ಬಾಗಿಲಿಗೆ ಓಡಿದೆ.

“ಪುಟ್ಟೀ! ಅರ್ಥ ಆಯ್ತು! ಈ ಸಲ ನಿಜವಾಗ್ಲೂ ಅರ್ಥ ಆಯ್ತು!”

ತಾಯಿ ಮಗಳು ಇಬ್ಬರೂ ಮುಖ ಮುಖ ನೋಡಿಕೊಂಡರು. ಮಗಳು ನಿಟ್ಟುಸಿರು ಬಿಟ್ಟು ಕೆಂಪು ಪೆನ್ನು ಎತ್ತಿಕೊಂಡಳು.

“ಅಪ್ಪಂಗೆ ಅರ್ಥ ಆಯ್ತಂತೆ ಅಮ್ಮಾ. ಎಲ್ಲೋ ತಪ್ಪು ಹೇಳಿದ್ದೀನಿ, ತಡಿ, ಮೊದಲಿಂದ ಶುರು ಮಾಡೋಣ.”