ಮುನ್ನೂರು ಗ್ರಾಂ ಮೀರದ ಮಳೆಕೋಟು

ನೂರಾ ಎಂಬತ್ತು ಮಳೆಕೋಟು, ಒಂದಕ್ಕೆ ಎರಡು ಸಾವಿರದ ನಾನೂರರಂತೆ ಒಟ್ಟು ನಾಲ್ಕು ಲಕ್ಷದ ಮೂವತ್ತೆರಡು ಸಾವಿರ. ಗಡಿಕಲ್ಲು ಪರಿಶೀಲನಾ ಕಚೇರಿ ನನ್ನ ಅಂಗಡಿಗೆ ಕೊಟ್ಟ ಆರ್ಡರು ಇದು. ಕಚೇರಿಯ ನಡಿಗೆ ಸಿಬ್ಬಂದಿ ಇಪ್ಪತ್ತೆರಡು ದಿನ ಗುಡ್ಡ ಹತ್ತಿಳಿದು ಗಡಿಕಲ್ಲು ಎಣಿಸುತ್ತಾರೆ. ಕಲ್ಲುಗಳು ಬೇಸಿಗೆಯಲ್ಲೂ ಅಲ್ಲೇ ಇರುತ್ತವೆ. ಆದರೆ ಭತ್ಯೆ ಮಂಜೂರಾಗುವುದು ಮಳೆಗಾಲಕ್ಕೆ.

ಷರತ್ತು ಎರಡೇ: ತೂಕ ಮುನ್ನೂರು ಗ್ರಾಂ ಮೀರಕೂಡದು, ಮೂರು ವರ್ಷ ಬಾಳಬೇಕು. ತಪ್ಪಿದರೆ ಇಡೀ ಸರಕು ವಾಪಸು.

ನಡಿಗೆಯವರ ಮುಖಂಡ, ಎಲ್ಲರ ಬಾಯಲ್ಲಿ ಉದ್ದಣ್ಣ, ಖುದ್ದಾಗಿ ಬಂದು ಮಾದರಿ ಆರಿಸಿದ. ಹೋದ ವರ್ಷ ನೆನೆದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದವನು. ತೋಳಿನ ತುದಿಗೆ ಗಂಟು ಹಾಕಿ, ಒಂದು ಚೊಂಬು ನೀರು ಸುರಿದು ತೂಗುಹಾಕಿದ. ಅರ್ಧ ಗಂಟೆಯಾದರೂ ಒಂದು ಹನಿ ತೊಟ್ಟಿಕ್ಕಲಿಲ್ಲ.

"ಸೂಜಿ ತೂತಿಗೆಲ್ಲ ಒಳಗಿಂದ ಟೇಪು ಹಾಕಿಸಿದೀರಿ ಸಾಹುಕಾರ್ರೇ. ಇದೇ ಇರಲಿ. ನನ್ನ ಎದೆ ಇನ್ನೊಂದು ಸಲ ತಡೆಯಲ್ಲ."

ತಕ್ಕಡಿಯಲ್ಲಿ ಇನ್ನೂರ ತೊಂಬತ್ತು ಗ್ರಾಂ.

ಸರಕು ಕಚೇರಿ ಸೇರಿತು. ನಿಯಮದಂತೆ ನಾಲ್ಕು ಶಾಖೆಗಳು ಪರೀಕ್ಷಿಸಿ, ಪ್ರತಿ ಕೋಟಿಗೂ ತಲಾ ಒಂದು ಹಿತ್ತಾಳೆ ಬಿಲ್ಲೆ ಜಡಿದವು. ‘ನೀರು ಒಳಬರುವುದಿಲ್ಲ’ ಎಂಬ ಬಿಲ್ಲೆ ಕೂರಿಸಲು ಬೆನ್ನಿನ ಮೇಲೆ ಎರಡು ತೂತು ಕೊರೆಯಲಾಯಿತು. ಬಿಲ್ಲೆಯೊಂದಕ್ಕೆ ನಲವತ್ತು ಗ್ರಾಂ, ನಾಲ್ಕಕ್ಕೆ ನೂರಾ ಅರವತ್ತು. ಕೋಟಿನ ಅಂತಿಮ ತೂಕ ನಾನೂರ ಐವತ್ತು.

ಉಗ್ರಾಣದ ಮೇಡಂ ಕರೆಸಿದರು. "ನೂರೈವತ್ತು ಜಾಸ್ತಿ ಇದೆ. ತಗೊಂಡು ಹೋಗಿ."

"ಬಿಲ್ಲೆ ಕಿತ್ರೆ ಸರಿಹೋಗತ್ತೆ ಮೇಡಂ."

"ಕಿತ್ರೆ ಪರೀಕ್ಷೆ ಆಗಿಲ್ಲ ಅಂತಾಗತ್ತೆ. ಪರೀಕ್ಷೆ ಆಗದ ಕೋಟನ್ನ ತೂಗೋ ಹಾಗೇ ಇಲ್ಲ."

ನಿಯಮದ ಜೊತೆ ಜಗಳಾಡಿ ಗೆದ್ದ ವ್ಯಾಪಾರಿಯನ್ನು ನಾನು ಕಂಡಿಲ್ಲ. ಎರಡು ತೋಳು ನೂರಾ ಹತ್ತು, ತಲೆಗವಸು ನಲವತ್ತು, ಕತ್ತರಿಸಿದರೆ ಲೆಕ್ಕ ಚುಕ್ತಾ ಎಂದೆ. ಮೇಡಂ ಮುಖ ಅರಳಿತು.

ಬಾಗಿಲಲ್ಲಿ ನಿಂತಿದ್ದ ಉದ್ದಣ್ಣ ಹೌಹಾರಿದ. "ಮೇಡಂ, ತಲೆ ನೆನೆಯತ್ತಲ್ಲ!"

"ಟೆಂಡರಿನಲ್ಲಿ ತಲೆ ವಿಷಯ ಎಲ್ಲಿದೆ, ತೋರಿಸಪ್ಪ."

ಅವನು ಹುಡುಕಿದ. ಇರಲಿಲ್ಲ.

ತೋಳೇ ಇಲ್ಲದ ಮೇಲೆ ತೋಳು ಹರಿಯುವ ಪ್ರಶ್ನೆ ಉದ್ಭವಿಸದ ಕಾರಣ ಬಾಳಿಕೆಯನ್ನು ಐದು ವರ್ಷಕ್ಕೆ ಏರಿಸಲಾಯಿತು. ಸುತ್ತೋಲೆಯೂ ಹೊರಟಿತು: ‘ಮಳೆ ಬಂದಾಗ ಸಿಬ್ಬಂದಿಯು ಕೈಗಳನ್ನು ಕೋಟಿನೊಳಗೆ ಇಟ್ಟುಕೊಳ್ಳತಕ್ಕದ್ದು. ಕಲ್ಲು ಎಣಿಸಲು ಬೆರಳು ಬೇಕಾದವರು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.’

ತುಂಡುಬಟ್ಟೆ ಇಡಲು ಉಗ್ರಾಣದಲ್ಲಿ ಜಾಗವಿರಲಿಲ್ಲ. ಇಪ್ಪತ್ತೇಳು ಕಿಲೋ, ಹಳೇ ಬಟ್ಟೆಯ ದರಕ್ಕೆ ನಾನೇ ಎತ್ತಿಕೊಂಡೆ.

ನಡಿಗೆ ಹೊರಡುವ ವಾರ ಉದ್ದಣ್ಣ ಅಂಗಡಿಗೆ ಬಂದ. "ತೋಳು ಎಷ್ಟು?"

"ಜೋಡಿಗೆ ಆರುನೂರು, ತಲೆಗವಸು ಇನ್ನೂರು. ಹೊಲಿದು ಟೇಪು ಹಾಕಿಸಿ ಕೊಡ್ತೀನಿ. ಬೆನ್ನಿನ ತೂತು ಮುಚ್ಚೋದು ಪುಕ್ಕಟೆ."

"ರೀ, ಅದು ನನ್ನ ಕೋಟಿನದೇ ತೋಳು ಕಣ್ರೀ!"

"ಅದಕ್ಕೇ ಅಳತೆ ಸರಿಯಾಗಿ ಕೂರತ್ತೆ."

ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ. ಸ್ವಂತ ದುಡ್ಡಿನ ತೋಳಿಗೆ ತೂಕದ ಮಿತಿ ಅನ್ವಯಿಸುವುದಿಲ್ಲವೆಂದು ಮೇಡಂ ಬರೆದುಕೊಟ್ಟಿದ್ದರು. ಉಳಿದ ನೂರಾ ಎಪ್ಪತ್ತೊಂಬತ್ತು ಮಂದಿ ಅವನ ಹಿಂದೆಯೇ ಸಾಲು ನಿಂತರು.

ಆ ವರ್ಷ ಯಾರಿಗೂ ಶೀತ ಕೂಡ ಆಗಲಿಲ್ಲ. ಬಿಲ್ಲೆಗಳೇ ಇದಕ್ಕೆ ಕಾರಣವೆಂದು ವಾರ್ಷಿಕ ವರದಿ ಹೇಳಿತು. ಐದನೆಯ ಬಿಲ್ಲೆಗೆ ಅನುಮೋದನೆ ಸಿಕ್ಕಿತು. ಅಭಿನಂದನಾ ಸಭೆಯಲ್ಲಿ ಉದ್ದಣ್ಣನೇ ಮೊದಲು ಚಪ್ಪಾಳೆ ತಟ್ಟಿದ.

ಕೋಟಿನ ಲಾಭ ಬೇರೆ. ತೋಳು, ತಲೆಗವಸಿನಿಂದ ಬಂದದ್ದು ಒಂದು ಲಕ್ಷದ ನಲವತ್ತನಾಲ್ಕು ಸಾವಿರ. ತುಂಡುಬಟ್ಟೆ, ಟೇಪು, ಹೊಲಿಗೆ ಕೂಲಿ ಕಳೆದು ಕೈಗುಳಿದದ್ದು ಒಂದು ಲಕ್ಷದ ಹದಿನೆಂಟು ಸಾವಿರ.