ಅರ್ಧ ಸತ್ತ ಸೆಲ್ಲು

ಅಷ್ಟೆಲ್ಲ ರಾದ್ಧಾಂತಕ್ಕೆ ಮೂಲ, ಬೆಳ್ಳಿಯ ಪಕ್ಕದಲ್ಲಿ ಕೂತಿದ್ದ ಎರಡು ಎಂಬ ಒಂದು ಅಂಕಿ. ಅದು ಅಲ್ಲಿ ಕೂತದ್ದು ತಪ್ಪಲ್ಲ. ಸಮೀಕರಣ ಸರಿತೂಗಬೇಕಾದರೆ ಅಲ್ಲಿ ಎರಡು ಇರಲೇಬೇಕು. ತಪ್ಪಾದದ್ದು ಅದನ್ನು ಅಲ್ಲಿಂದ ಎತ್ತಿಕೊಂಡು ಹೋಗಿ, ಗುಣಿಸಬಾರದ ಕಡೆ ಗುಣಿಸಿದ್ದು. ಗುಣಿಸಿದವರು ಗೈಡ್ ಮೇಷ್ಟ್ರು. ಅನುಭವಿಸಿದವರು ಪಾಯಿಂಟ್ ಮೇಷ್ಟ್ರು.

ಗೈಡ್ ಮೇಷ್ಟ್ರು ಎಂದರೆ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು. ಅವರು ಬರೆದ ಗೈಡು ಕಂಕುಳಲ್ಲಿ ಇಲ್ಲದ ಹುಡುಗನಿಗೆ ಅವರ ತರಗತಿಯಲ್ಲಿ ಬೆಂಚು ಸಿಗುತ್ತಿರಲಿಲ್ಲ. ಪಾಯಿಂಟ್ ಮೇಷ್ಟ್ರು ಅದೇ ವಿಭಾಗದಲ್ಲಿ ಹಳೇ ಅಂಗಿಗೆ ತೇಪೆ ಹಾಕಿದ ಹಾಗೆ ವರ್ಷ ವರ್ಷವೂ ಮುಂದುವರಿಸಲ್ಪಟ್ಟ ತಾತ್ಕಾಲಿಕ ಮೇಷ್ಟ್ರು. ದಶಮಾಂಶದ ಚುಕ್ಕೆ ಕೂದಲೆಳೆಯಷ್ಟು ಆಚೀಚೆ ಆದರೂ ಊಟ ಸೇರದ ಮನುಷ್ಯ. ಹುಡುಗರು ಆ ಹೆಸರಿಟ್ಟದ್ದು ಅದಕ್ಕೇ.

ಲೆಕ್ಕ ದೊಡ್ಡದೇನಲ್ಲ. ಒಂದು ಬೀಕರಿನಲ್ಲಿ ತಾಮ್ರದ ದ್ರಾವಣ, ಅದರೊಳಗೆ ತಾಮ್ರದ ಪಟ್ಟಿ. ಇನ್ನೊಂದರಲ್ಲಿ ಬೆಳ್ಳಿಯ ದ್ರಾವಣ, ಅದರೊಳಗೆ ಬೆಳ್ಳಿಯ ತಂತಿ. ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದದ ಸೇತುವೆ. ತಂತಿ ಜೋಡಿಸಿದರೆ ತಾಮ್ರ ಕೊಡುತ್ತದೆ, ಬೆಳ್ಳಿ ಎಳೆದುಕೊಳ್ಳುತ್ತದೆ, ಕರೆಂಟು ಹರಿಯುತ್ತದೆ. ಬೆಳ್ಳಿಯ ಸೆಳೆತ ಸೊನ್ನೆ ಪಾಯಿಂಟ್ ಎಂಟು ಸೊನ್ನೆ ವೋಲ್ಟು. ತಾಮ್ರದ್ದು ಸೊನ್ನೆ ಪಾಯಿಂಟ್ ಮೂರು ನಾಲ್ಕು. ಅದರಲ್ಲಿ ಇದನ್ನು ಕಳೆದರೆ ಸೊನ್ನೆ ಪಾಯಿಂಟ್ ನಾಲ್ಕು ಆರು. ಮುಗಿಯಿತು. ಗೈಡ್ ಮೇಷ್ಟ್ರು ಮಾತ್ರ, ಒಂದು ತಾಮ್ರಕ್ಕೆ ಎರಡು ಬೆಳ್ಳಿ ಎಂಬ ಸಮೀಕರಣದ ಆ ಎರಡರಿಂದ ಬೆಳ್ಳಿಯ ಸೆಳೆತವನ್ನು ಗುಣಿಸಿ, ಆಮೇಲೆ ಕಳೆದು, ಒಂದು ಪಾಯಿಂಟ್ ಎರಡು ಆರು ಎಂದು ಅಚ್ಚು ಹಾಕಿಸಿಬಿಟ್ಟಿದ್ದರು.

ಪಾಯಿಂಟ್ ಮೇಷ್ಟ್ರು ಒಮ್ಮೆ ಲೈಬ್ರರಿಯ ಪ್ರತಿಯಲ್ಲಿ ಆ ಉತ್ತರವನ್ನು ಪೆನ್ಸಿಲಿನಿಂದ ತಿದ್ದಿದ್ದರು. ಗೈಡ್ ಮೇಷ್ಟ್ರು ಅವರನ್ನು ಸ್ಟಾಫ್ ರೂಮಿಗೆ ಕರೆಸಿ, ಕೈಗೆ ರಬ್ಬರು ಕೊಟ್ಟು, "ಪುಸ್ತಕ ಬರೆದೋನು ನಾನೋ ನೀವೋ? ಅಳಿಸಿ" ಎಂದರು. ಎಲ್ಲರೂ ಕಾಫಿ ಕುಡಿಯುತ್ತಾ ನೋಡುತ್ತಿದ್ದ ಹಾಗೆ ಮೇಷ್ಟ್ರು ಅಳಿಸಿದರು. ಅವತ್ತಿನಿಂದ ತರಗತಿಯಲ್ಲಿ ಎರಡು ಉತ್ತರ ಹೇಳಿಕೊಡುತ್ತಿದ್ದರು: "ಇದು ನಿಜ. ಇದು ಪರೀಕ್ಷೆಗೆ."

ಈಗ ವಿಭಾಗದಲ್ಲಿ ಒಂದೇ ಒಂದು ಕಾಯಂ ಹುದ್ದೆ ತೆರವಾಗಿತ್ತು. ಪ್ರಿನ್ಸಿಪಾಲರು, ಹೊರಗಿನಿಂದ ಬಂದ ಒಬ್ಬ ಪ್ರೊಫೆಸರು, ಗೈಡ್ ಮೇಷ್ಟ್ರು, ಈ ಮೂವರ ಮುಂದೆ ಪಾಠ ಮಾಡಿ ತೋರಿಸಬೇಕು. ಅರ್ಜಿ ಹಾಕಿದವರಿಗೆಲ್ಲ ಒಂದೇ ವಿಷಯ, ಅದರ ಚೀಟಿ ಹಿಂದಿನ ಸಂಜೆ ಕೈಗೆ ಬಂದಿತ್ತು. ಬಿಚ್ಚಿ ನೋಡಿದರೆ ಅದೇ ತಾಮ್ರ, ಅದೇ ಬೆಳ್ಳಿ. ಬೋರ್ಡಿನ ಮೇಲೆ ಲೆಕ್ಕ ಮಾಡಬೇಕು, ವೋಲ್ಟು ಅಳೆಯುವ ಮೀಟರಿನಲ್ಲಿ ತೋರಿಸಲೂ ಬೇಕು.

ಹುದ್ದೆ ಕಾಯಂ ಆದರೆ ಕಾಲೇಜಿನ ಹಿಂದುಗಡೆ ವಾಸಕ್ಕೆ ಮನೆ ಸಿಗುತ್ತಿತ್ತು. ಮೇಷ್ಟ್ರ ಹೆಂಡತಿ ಆ ಮನೆಯನ್ನು ಹೊರಗಿನಿಂದ ಎಷ್ಟೋ ಸಲ ನೋಡಿಕೊಂಡು ಬಂದಿದ್ದಳು. ಎರಡು ಕೋಣೆ, ಒಂದು ಅಡುಗೆಮನೆ, ತಮ್ಮದೇ ಒಂದು ಬೀಗ. ಏಕೆಂದರೆ ಮದುವೆಯಾದಂದಿನಿಂದ ಮೇಷ್ಟ್ರು ಮನೆಅಳಿಯ. ಆ ಮನೆಯಲ್ಲಿ ಬೀಗದ ಕೈ, ಟೀವಿಯ ರಿಮೋಟು, ಕೊನೆಯ ಮಾತು, ಮೂರೂ ಅತ್ತೆಯ ಸೆರಗಿನಲ್ಲಿದ್ದವು.

"ರೀ, ನಿಮ್ಮ ನಿಜ ಎಷ್ಟು ವೋಲ್ಟು?" ಎಂದು ಹೆಂಡತಿ ಬೆಳಿಗ್ಗೆ ಕೇಳಿದಳು.

"ಸೊನ್ನೆ ಪಾಯಿಂಟ್ ನಾಲ್ಕು ಆರು."

"ಅವರ ಸುಳ್ಳು?"

"ಒಂದು ಪಾಯಿಂಟ್ ಎರಡು ಆರು."

"ಅದೇ ಜಾಸ್ತಿ ಇದೆಯಲ್ರೀ. ಅದನ್ನೇ ಬರೀರಿ."

ಟೀವಿಯ ಮುಂದೆ ಕೂತಿದ್ದ ಅತ್ತೆ ತಿರುಗದೆ ಹೇಳಿದರು: "ಜಾಸ್ತಿ ಇರೋದನ್ನ ಬಿಟ್ಟು ಕಮ್ಮಿ ಇರೋದನ್ನ ಹುಡುಕ್ಕೊಂಡು ಹೋಗೋದು ನಮ್ಮ ಅಳಿಯಂದಿರಿಗೆ ಹುಟ್ಟುಗುಣ ಕಣೇ. ನೀನೊಬ್ಬಳು ಹೇಗೋ ತಪ್ಪಿ ಸಿಕ್ಕಿದೀಯ."

"ಗುರುಗಳೇ, ಒಳಗೆ ಬರ್ಲಾ?" ಎಂಬ ದನಿ ಆಗಲೇ ಒಳಗಿನಿಂದಲೇ ಕೇಳಿಸಿತು. ಬಂದವನು ನಗುಮುಖ. ಅವನೂ ಅದೇ ವಿಭಾಗದ ತಾತ್ಕಾಲಿಕ ಮೇಷ್ಟ್ರು, ಅದೇ ಹುದ್ದೆಗೆ ಅರ್ಜಿ ಹಾಕಿದವನು. ಸಾವಿನ ಮನೆಗೆ ಹೋದರೂ ಅವನ ಮುಖದ ನಗು ಇಳಿಯದ ಕಾರಣ ಆ ಹೆಸರು.

"ಗುರುಗಳೇ, ಆ ಎರಡರಿಂದ ಯಾಕೆ ಗುಣಿಸಬಾರದು ಅಂತ ನನಗೊಂದು ಸಲ ಬಿಡಿಸಿ ಹೇಳಿ. ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ಲ."

ಹೊಗಳಿದರೆ ಮೇಷ್ಟ್ರು ಮೇಣದ ಹಾಗೆ. ಕೂರಿಸಿಕೊಂಡು ಹೇಳಿದರು: "ನೋಡಪ್ಪಾ, ಬಾವಿಯಿಂದ ಒಂದು ಕೊಡ ಸೇದಿದರೂ ಅಷ್ಟೇ, ಎರಡು ಕೊಡ ಸೇದಿದರೂ ಅಷ್ಟೇ. ನೀರು ಎರಡು ಪಟ್ಟು ಬರುತ್ತೆ. ಬಾವಿಯ ಆಳ ಎರಡು ಪಟ್ಟಾಗುತ್ತಾ? ವೋಲ್ಟು ಅನ್ನೋದು ಆಳ. ಕೊಡದ ಲೆಕ್ಕದಿಂದ ಅದನ್ನ ಗುಣಿಸಬಾರದು."

"ಆಹಾ!" ಎಂದು ನಗುಮುಖ ಕಣ್ಣು ಮುಚ್ಚಿ ತಲೆದೂಗಿದ. "ಆದ್ರೆ ಗುರುಗಳೇ, ಎದುರಿಗೆ ಕೂರೋರು ಯಾರು ಅಂತ ನೋಡ್ಬೇಕಲ್ಲ. ನಾನಂತೂ ಕಣ್ಣು ಮುಚ್ಕೊಂಡು ಒಂದು ಪಾಯಿಂಟ್ ಎರಡು ಆರು ಬರೆಯೋನೇ. ನಮಗೂ ಹೆಂಡ್ತಿ ಮಕ್ಕಳು ಅಂತ ಇಲ್ವಾ?"

ಅವನಿಗೆ ಹೆಂಡತಿಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಆ ಹೊತ್ತಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

"ನಾನು ಬರೀಬಹುದಪ್ಪಾ. ಮೀಟರು ಸುಳ್ಳು ಹೇಳಲ್ವಲ್ಲ?"

"ಹೇಳಿಸೋ ವಿದ್ಯೆ ನಿಮಗೆ ಗೊತ್ತಿಲ್ದೇ ಇರುತ್ತಾ ಗುರುಗಳೇ?" ಎಂದು ಕಾಫಿ ಲೋಟ ಇಟ್ಟು ನಗುಮುಖ ಹೊರಟುಹೋದ.

ಮೇಷ್ಟ್ರು ಬಾಗಿಲನ್ನೇ ನೋಡುತ್ತಾ ಕೂತರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಅಷ್ಟೇ. ಅಷ್ಟು ಸಾಕಾಯಿತು. ಮೇಷ್ಟ್ರು ಕಾಗದ ತೆಗೆದುಕೊಂಡು ಜೀವಮಾನದಲ್ಲಿ ಮೊದಲ ಸಲ ಸುಳ್ಳಿನ ಲೆಕ್ಕ ಹಾಕಿದರು. ಆಗಬೇಕಾದದ್ದು ಒಂದು ಪಾಯಿಂಟ್ ಎರಡು ಆರು. ಆಗುವುದು ಸೊನ್ನೆ ಪಾಯಿಂಟ್ ನಾಲ್ಕು ಆರು. ನಡುವೆ ಬಿದ್ದ ಹಳ್ಳ ಸೊನ್ನೆ ಪಾಯಿಂಟ್ ಎಂಟು ಸೊನ್ನೆ. ಅಷ್ಟೇ ವೋಲ್ಟಿನ ಒಂದು ಸಣ್ಣ ಸೆಲ್ಲನ್ನು ತಂತಿಯ ದಾರಿಯಲ್ಲಿ ಎಲ್ಲೋ ಬಚ್ಚಿಟ್ಟರೆ ಮೀಟರು ಗೈಡಿನ ಮಾತನ್ನೇ ಆಡುತ್ತದೆ. ಹೊಸ ಸೆಲ್ಲು ಒಂದೂವರೆ ವೋಲ್ಟು, ಅದು ಆಗದು. ಪೂರಾ ಸತ್ತದ್ದೂ ಆಗದು. ಸರಿಯಾಗಿ ಅರ್ಧ ಸತ್ತದ್ದು ಬೇಕು. ಸುಳ್ಳಾದರೇನು, ಚುಕ್ಕೆ ಆಚೀಚೆ ಆಗಬಾರದಲ್ಲ.

ಅಭ್ಯಾಸಕ್ಕೆಂದು ತಂದಿದ್ದ ಕಾಲೇಜಿನ ಮೀಟರನ್ನು ಹಿಡಿದು ಮೇಷ್ಟ್ರು ಎದುರುಮನೆಯ ಟೈಲರನ ಹತ್ತಿರ ಹೋದರು. ಟೈಲರು ಟಾರ್ಚಿನಿಂದ ಸೆಲ್ಲು ತೆಗೆದುಕೊಟ್ಟ.

"ತಗೊಳ್ಳಿ ಮೇಷ್ಟ್ರೇ, ನಿನ್ನೆ ಹಾಕಿದ್ದು. ಗಟ್ಟಿಮುಟ್ಟಾಗಿದೆ."

"ಗಟ್ಟಿಮುಟ್ಟು ಬೇಡಪ್ಪಾ. ಅರ್ಧ ಸತ್ತಿರೋದು ಇದ್ರೆ ಕೊಡು."

ಟೈಲರು ಬಾಯಲ್ಲಿದ್ದ ಸೂಜಿ ತೆಗೆದು ಮೇಷ್ಟ್ರ ಮುಖವನ್ನೇ ನೋಡಿದ. ಮೇಷ್ಟ್ರು ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಗೆ ಕೂಗಿ ಹೇಳಿದ. ಆ ಮನೆಯವರು ಅದರ ಪಕ್ಕದವರಿಗೆ ಹೇಳುವಾಗ, ಸತ್ತ ಸೆಲ್ಲು ಯಾಕೆ ಬೇಕು ಎಂಬುದಕ್ಕೆ ತಮ್ಮದೇ ಒಂದು ಕಾರಣ ಸೇರಿಸಿದರು. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಸುದ್ದಿ ಇಷ್ಟಾಗಿತ್ತು: ಮೇಷ್ಟ್ರು ಸತ್ತ ಸೆಲ್ಲಿಗೆ ಮತ್ತೆ ಜೀವ ಬರಿಸುವ ಯಂತ್ರ ತಂದಿದ್ದಾರೆ, ಇವತ್ತೊಂದು ದಿನ ಪುಕ್ಕಟೆ.

ಮನೆ ಮುಂದೆ ಜಾತ್ರೆಯೇ ನೆರೆಯಿತು. ಒಬ್ಬರು ಜರಡಿ ತುಂಬ ಸೆಲ್ಲು ತಂದರು. ಒಬ್ಬಾಕೆ ಕೂಗದ ಬೊಂಬೆ ತಂದಳು. ಯಾರೋ ಎರಡು ಮನೆ ಆಚೆಯಿಂದ ತಳ್ಳಿಕೊಂಡು ಬಂದದ್ದು ಸ್ಟಾರ್ಟ್ ಆಗದ ಸ್ಕೂಟರು. ಮೇಷ್ಟ್ರು ಒಂದೊಂದನ್ನೇ ಮೀಟರಿಗೆ ಹಿಡಿದರು. ಒಂದು ಹೆಚ್ಚಾಯಿತು, ಒಂದು ಕಮ್ಮಿಯಾಯಿತು, ಒಂದು ಕೈಗೆಲ್ಲ ಸೋರಿತು. "ಆಗಲ್ಲ", "ಆಗಲ್ಲ" ಎಂದು ವಾಪಸು ಕೊಟ್ಟಾಗ ಜನ, "ನಮ್ಮದಕ್ಕೆ ಮಾತ್ರ ಆಗಲ್ವಾ?" ಎಂದು ಗುರ್ರೆಂದರು. ನಿವೃತ್ತ ಪೋಸ್ಟ್‌ಮಾಸ್ಟರು ಮಾತ್ರ ಬರಿಗೈಯಲ್ಲಿ ಬಂದಿದ್ದರು. ಮೀಟರಿನ ಎರಡೂ ತುದಿಗಳನ್ನು ಬೆರಳುಗಳಲ್ಲಿ ಹಿಡಿದುಕೊಂಡು, "ನನ್ನಲ್ಲಿ ಎಷ್ಟು ಉಳಿದಿದೆ ನೋಡಿ ಮೇಷ್ಟ್ರೇ. ಮಗ, ಸೊಸೆ ಕೇಳ್ತಾ ಇರ್ತಾರೆ" ಎಂದರು.

ಎಲ್ಲರನ್ನೂ ಸಾಗಹಾಕಿ ಮೇಷ್ಟ್ರು ಬೆವರು ಒರೆಸಿಕೊಳ್ಳುವಾಗ ಒಳಗಿನಿಂದ ಪಟಪಟ ಸದ್ದು ಕೇಳಿತು. ಅತ್ತೆ ರಿಮೋಟನ್ನು ಅಂಗೈಗೆ ಬಡಿಯುತ್ತಿದ್ದರು. ಬಡಿದರೆ ಮಾತ್ರ ಚಾನೆಲು ಬದಲಾಗುತ್ತಿತ್ತು. ಮೇಷ್ಟ್ರ ಕಿವಿ ನೆಟ್ಟಗಾಯಿತು. ಅತ್ತೆ ನೀರು ಕುಡಿಯಲು ಎದ್ದ ಗಳಿಗೆಯಲ್ಲಿ ರಿಮೋಟಿನ ಬೆನ್ನು ಬಿಚ್ಚಿದರು. ಒಂದು ಸೆಲ್ಲು ಚೆನ್ನಾಗಿತ್ತು. ಇನ್ನೊಂದನ್ನು ಮೀಟರಿಗೆ ಹಿಡಿದರೆ ಸೊನ್ನೆ ಪಾಯಿಂಟ್ ಎಂಟು ಸೊನ್ನೆ! ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದನ್ನು ಜೇಬಿಗೆ ಹಾಕಿ ಸ್ನಾನಕ್ಕೆ ಹೋದರು.

ಅತ್ತೆ ಬಂದು ರಿಮೋಟು ಒತ್ತಿದರು, ಬಡಿದರು, ಬಿಚ್ಚಿದರು. ಒಂದು ಗೂಡು ಖಾಲಿ. "ಮೀಟರು ಹಿಡ್ಕೊಂಡು ಓಡಾಡಿದಾಗ್ಲೇ ಅಂದ್ಕೊಂಡೆ" ಎಂದು ಗೊಣಗಿ, ಕುರ್ಚಿ ಹತ್ತಿ, ಗೋಡೆ ಗಡಿಯಾರದ ಸೆಲ್ಲನ್ನು ಕಿತ್ತು ರಿಮೋಟಿಗೆ ಹಾಕಿಕೊಂಡರು. ಗಡಿಯಾರ ಇದ್ದಲ್ಲೇ ನಿಂತಿತು.

ಮೇಷ್ಟ್ರು ಸ್ನಾನ ಮುಗಿಸಿ ಬಂದು ಗಡಿಯಾರ ನೋಡಿದರು. ಬೇಕಾದಷ್ಟು ಹೊತ್ತಿತ್ತು. ನಿಧಾನವಾಗಿ ಗಡ್ಡ ಹೆರೆದುಕೊಂಡರು. ಮತ್ತೆ ನೋಡಿದರು. ಇನ್ನೂ ಅಷ್ಟೇ ಹೊತ್ತಿತ್ತು. ಇವತ್ತು ಕಾಲವೂ ನನ್ನ ಕಡೆಗಿದೆ ಎಂದುಕೊಂಡು ಎರಡನೇ ಸಲ ತಿಂಡಿ ಹಾಕಿಸಿಕೊಂಡರು. ಅಷ್ಟರಲ್ಲಿ ಟೈಲರು ಕಿಟಕಿಯಲ್ಲಿ ತಲೆ ತೂರಿಸಿ, "ಮೇಷ್ಟ್ರೇ, ಕಾಲೇಜಿನ ಗಂಟೆ ಹೊಡೆದು ಎಷ್ಟೋ ಹೊತ್ತಾಯ್ತು. ನಿಮಗಿವತ್ತು ರಜಾನಾ?" ಎಂದ.

ಮೇಷ್ಟ್ರು ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ಓಡಿದರು. ಲ್ಯಾಬು ಸೇರಿದಾಗ ಮೂವರೂ ಆಗಲೇ ಕೂತಿದ್ದರು. ಗೈಡ್ ಮೇಷ್ಟ್ರ ತೊಡೆಯ ಮೇಲೆ ಹೊಳೆಯುವ ರಟ್ಟಿನ ಪುಸ್ತಕವೊಂದಿತ್ತು. ಏದುಸಿರು ಬಿಡುತ್ತಿದ್ದ ಮೇಷ್ಟ್ರಿಗೆ ರಟ್ಟು ಹೊಸದೋ ಹಳೆಯದೋ ನೋಡುವ ವ್ಯವಧಾನ ಇರಲಿಲ್ಲ. ಬೀಕರುಗಳನ್ನು ಜೋಡಿಸಿದರು. ಸೆಲ್ಲನ್ನು ಚಾಕ್‌ಪೀಸಿನ ಡಬ್ಬದೊಳಗೆ ಹುದುಗಿಸಿ, ತಂತಿಯನ್ನು ಡಬ್ಬದ ಹಿಂದಿನಿಂದ ಹಾಯಿಸಿದರು. ಬೋರ್ಡಿನ ಮೇಲೆ ಗೈಡಿನಲ್ಲಿದ್ದ ಹಾಗೇ ಗುಣಿಸಿದರು, ಕಳೆದರು. ಗುಣಿಸುವಾಗ ಕೈ ಒಂದು ಗಳಿಗೆ ನಿಂತಿತು. ತಮ್ಮದೇ ಬೀಗ ನೆನಪಾಯಿತು. ಒಂದು ಪಾಯಿಂಟ್ ಎರಡು ಆರು ಎಂದು ಬರೆದು ಅಡಿಗೆರೆ ಎಳೆದರು.

"ಈಗ ಮೀಟರು ನೋಡೋಣ" ಎಂದು ತಂತಿ ಮುಟ್ಟಿಸಿದರು. ಮೀಟರು ಚಾಚೂ ತಪ್ಪದೆ ಒಂದು ಪಾಯಿಂಟ್ ಎರಡು ಆರು ತೋರಿಸಿತು.

ಪ್ರೊಫೆಸರು ಕನ್ನಡಕ ಏರಿಸಿಕೊಂಡರು. "ಲೆಕ್ಕ ತಪ್ಪೋದು ನೋಡಿದೀನಿ. ಲೆಕ್ಕದ ಜೊತೆ ಮೀಟರೂ ತಪ್ಪೋದನ್ನ ಇದೇ ಮೊದಲು ನೋಡ್ತಿರೋದು. ಸೆಳೆತವನ್ನ ಎರಡರಿಂದ ಯಾಕ್ರೀ ಗುಣಿಸಿದ್ರಿ? ಇರಿ, ನಾನೇ ಬರೆದು ತೋರಿಸ್ತೀನಿ."

ಅವರು ಎದ್ದು ಬಂದು ಚಾಕ್‌ಪೀಸಿಗೆಂದು ಡಬ್ಬಕ್ಕೆ ಕೈ ಹಾಕಿದರು. ಕೈಗೆ ಬಂದದ್ದು ಸೆಲ್ಲು. ಅದರ ಹಿಂದೆಯೇ ತಂತಿ, ಇಲಿಯ ಬಾಲದ ಹಾಗೆ.

"ಇದೇನ್ರೀ ಇದು?"

"ರಿಮೋಟಿಂದು, ಸಾರ್" ಎಂದರು ಮೇಷ್ಟ್ರು. ಸುಳ್ಳು ಹೇಳಲು ಅವರಲ್ಲಿ ಇನ್ನೇನೂ ಉಳಿದಿರಲಿಲ್ಲ. "ಆದ್ರೆ ಸಾರ್, ಗೈಡಿನಲ್ಲಿ..."

ಗೈಡ್ ಮೇಷ್ಟ್ರು ತೊಡೆಯ ಮೇಲಿನ ಪುಸ್ತಕ ಬಿಡಿಸಿ ಮುಂದಕ್ಕೆ ಚಾಚಿದರು. ಹೊಸ ಮುದ್ರಣ, ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಸೊನ್ನೆ ಪಾಯಿಂಟ್ ನಾಲ್ಕು ಆರು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. "ಹಳೇದರಲ್ಲಿ ಅಚ್ಚಿನ ತಪ್ಪಾಗಿತ್ತು" ಎಂದರು ಇತರರಿಗೆ. ಆಮೇಲೆ ಮೇಷ್ಟ್ರ ಕಡೆ ತಿರುಗಿ, ನಿಜವಾಗಿಯೇ ಬೇಸರವಾದವರ ಹಾಗೆ ಹೇಳಿದರು: "ಅವತ್ತು ಪೆನ್ಸಿಲಲ್ಲಿ ತಿದ್ದಿದೋರು ನೀವೇ ಅಲ್ವೇನ್ರೀ? ಧೈರ್ಯವಾಗಿ ಸರಿ ಉತ್ತರ ಬರೀತೀರಿ ಅಂತ್ಲೇ ಈ ವಿಷಯ ಕೊಡಿಸಿದ್ದು. ಗೊತ್ತಿದ್ದೋರೇ ಹೀಗೆ ಮಾಡಿದ್ರೆ ನಾನೇನು ಮಾಡ್ಲಿ?"

ಮೇಷ್ಟ್ರ ಕೈಯಲ್ಲಿದ್ದ ಪುಸ್ತಕದ ಮೊದಲ ಪುಟ ತಾನಾಗಿ ಮಗುಚಿತು. ಕರಡು ತಿದ್ದಿಕೊಟ್ಟವರಿಗೆ ಕೃತಜ್ಞತೆ ಹೇಳಿದ್ದರು. ಹೆಸರು ನಗುಮುಖನದು.

ಮೇಷ್ಟ್ರು ಹೊರಗೆ ಬರುವಾಗ ನಗುಮುಖ ಒಳಗೆ ಹೋಗುತ್ತಿದ್ದ. "ಹೇಗಾಯ್ತು ಗುರುಗಳೇ?" ಎಂದ, ನಗುತ್ತಾ. ಅದೇ ಬೀಕರು, ಅದೇ ತಂತಿ. ಬಾಗಿಲ ಸಂದಿಯಿಂದ ಅವನ ದನಿ ಕಾರಿಡಾರಿಗೆಲ್ಲ ಕೇಳುತ್ತಿತ್ತು: "ಬಾವಿಯಿಂದ ಒಂದು ಕೊಡ ಸೇದಿದರೂ ಅಷ್ಟೇ, ಎರಡು ಕೊಡ ಸೇದಿದರೂ ಅಷ್ಟೇ..." ಪ್ರೊಫೆಸರು "ಭೇಷ್! ಇದು ಪಾಠ!" ಎಂದದ್ದೂ ಕೇಳಿತು.

ಪ್ರಿನ್ಸಿಪಾಲರು ಮೇಷ್ಟ್ರನ್ನು ಅವತ್ತೇ ಮನೆಗೆ ಕಳಿಸುವವರಿದ್ದರು. ತಡೆದವರು ಗೈಡ್ ಮೇಷ್ಟ್ರೇ. "ಪಾಪ, ಸಂಸಾರವಂದಿಗ. ತಾತ್ಕಾಲಿಕವಾಗಿ ಇರ್ಲಿ ಬಿಡಿ. ನಮ್ಮಲ್ಲಿ ಹಳೇ ಪ್ರತಿಗಳು ರಾಶಿ ಉಳಿದಿವೆ, ಕೈಯಲ್ಲೇ ತಿದ್ದಬೇಕು. ಅದಕ್ಕೆ ಇವರಷ್ಟು ಅಚ್ಚುಕಟ್ಟು ಯಾರೂ ಇಲ್ಲ." ಮೇಷ್ಟ್ರ ಕೈಗೆ ಪುಸ್ತಕದ ಗಂಟುಗಳೂ ಒಂದು ಕೆಂಪು ಪೆನ್ನೂ ಬಂದವು. ಈ ಸಲ ರಬ್ಬರು ಕೊಡಲಿಲ್ಲ.

ಮನೆಗೆ ಬಂದಾಗ ಟೈಲರು ಗೇಟಿನಲ್ಲೇ ನಿಂತಿದ್ದ. "ಅಂದ್ಕೊಂಡಷ್ಟು ಬಂತಾ ಮೇಷ್ಟ್ರೇ?"

"ಬಂತಪ್ಪಾ. ಕರೆಕ್ಟಾಗಿ ಬಂತು."

ಟೈಲರು ಬೀದಿಗೆಲ್ಲ ಶುಭಸುದ್ದಿ ಕೂಗಿದ. ಹೆಂಡತಿ ಮಾತ್ರ ಗಂಟುಗಳನ್ನು ನೋಡಿದಳು, ಗಂಡನ ತಪ್ಪಿದ ಗುಂಡಿ ನೋಡಿದಳು, ಒಳಗೆ ಹೋಗಿ ಒಲೆ ಹಚ್ಚಿದಳು. ಹೊಸ ಮನೆಗೆಂದು ಅವಳು ಅಟ್ಟದಿಂದ ಇಳಿಸಿ ಧೂಳು ಕೊಡವಿಟ್ಟಿದ್ದ ಟ್ರಂಕನ್ನು ಮೇಷ್ಟ್ರೇ ಮತ್ತೆ ಅಟ್ಟಕ್ಕೇರಿಸಿದರು.

"ಅಳಿಯಂದಿರೇ, ನನ್ನ ಸೆಲ್ಲು?" ಎಂದರು ಅತ್ತೆ.

"ಕಾಲೇಜಿನಲ್ಲಿ ಇಟ್ಕೊಂಡ್ರು, ಅತ್ತೆ."

"ಅವರಿಗೆ ಸೆಲ್ಲು ಹಿಡಿಸ್ತು, ನೀವು ಹಿಡಿಸ್ಲಿಲ್ಲ. ಹೋಗ್ಲಿ ಬಿಡಿ. ಗಡಿಯಾರದ್ದು ಹಾಕ್ಕೊಂಡಿದೀನಿ, ಬಡಿಯೋದೇ ಬೇಡ, ಹೂವಿನ ಹಾಗೆ ನಡೀತಿದೆ. ಗಡಿಯಾರ ಯಾಕೆ ಇನ್ನು? ಹೊತ್ತು ನೋಡ್ಕೊಂಡು ನೀವು ಹೋಗೋದಾದ್ರೂ ಎಲ್ಲಿಗೆ?"

ಮೇಷ್ಟ್ರು ನಿಂತ ಗಡಿಯಾರದ ಕೆಳಗೆ ಚಾಪೆ ಹಾಸಿ ಕೂತು ಮೊದಲ ಪುಸ್ತಕ ಬಿಡಿಸಿದರು. ಒಂದು ಪಾಯಿಂಟ್ ಎರಡು ಆರನ್ನು ಹೊಡೆದುಹಾಕಿ ಸೊನ್ನೆ ಪಾಯಿಂಟ್ ನಾಲ್ಕು ಆರು ಎಂದು ಬರೆದರು. ಎರಡನೆಯದು ಬಿಡಿಸಿದರು, ಬರೆದರು. ಆ ಲೆಕ್ಕಕ್ಕೆ ಸರಿಯುತ್ತರವನ್ನು ಅವರಷ್ಟು ಸಲ ಬರೆದವರು ಬೇರೆ ಯಾರೂ ಇರಲಿಕ್ಕಿಲ್ಲ. ಒಂದರಲ್ಲೂ ಚುಕ್ಕೆ ಆಚೀಚೆ ಆಗಿರಲಿಲ್ಲ.