ಐಗಳಿಯಲ್ಲೊಂದು ಸುನಾಮಿ

ಸಮುದ್ರದ ಬಗ್ಗೆ ನಮ್ಮ ಕಾಕಾನಷ್ಟು ತಿಳಿದವರು ಅಥಣಿ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಸಮುದ್ರವನ್ನು ಅವನು ನೋಡಿರಲಿಲ್ಲ ಎಂಬುದೊಂದು ಸಣ್ಣ ಕೊರತೆ. ಐಗಳಿಯಲ್ಲಿ ದ್ರಾಕ್ಷಿ ಬೆಳೆಯುವ ಮನುಷ್ಯನಿಗೆ ಸಮುದ್ರವಾದರೂ ಯಾತಕ್ಕೆ ಬೇಕು ಹೇಳಿ?

ತಪ್ಪೆಲ್ಲ ಅಥಣಿ ಬಸ್ ಸ್ಟ್ಯಾಂಡಿನ ಭಜಿಯದು. ಎಂಬತ್ತರ ದಶಕದ ಒಂದು ಮಧ್ಯಾಹ್ನ, ಭಜಿ ಕಟ್ಟಿಕೊಟ್ಟ ಹಳೇ ಪೇಪರಿನಲ್ಲಿ ಕಾಕಾ ಸುನಾಮಿಯ ವಿಷಯ ಓದಿದ. ಭಜಿ ಆರಿತು, ಕಾಕಾ ಬಿಸಿಯಾದ. ಅಂದಿನಿಂದ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳತೊಡಗಿದ.

"ಸಮುದ್ರದ ತಳದಾಗ ಭೂಕಂಪ ಆದಾಗ ನೆಲಾ ಒಮ್ಮಿಂದೊಮ್ಮೆ ಮ್ಯಾಲ ಏಳತೈತಿ. ಅದರ ಮ್ಯಾಲಿನ ನೀರೂ ಏಳಬೇಕಲ್ಲ? ಎದ್ದ ನೀರು ಸುತ್ತೂ ಕಡೆ ಓಡತೈತಿ. ನಡುಸಮುದ್ರದಾಗ ಹಡಗಿನವ್ರಿಗೂ ಗೊತ್ತಾಗೂದಿಲ್ಲ. ದಂಡಿ ಹತ್ರ ಬಂತಂದ್ರ ಓಟ ತಗ್ಗತೈತಿ, ಎತ್ತರ ಏರತೈತಿ."

ಆ ಶಬ್ದವನ್ನು ನಮ್ಮ ಕಡೆ ಆಗ ಯಾರೂ ಕೇಳಿರಲಿಲ್ಲ. ಕಿರಾಣಿ ಅಂಗಡಿಯ ಸಾವಕಾರರು ಪೂರ್ತಿ ಕೇಳಿ, "ಸುನಾಮಿ... ಹೆಸರು ಚಲೋ ಐತ್ರಿ. ಮೊಮ್ಮಗಳಿಗೆ ಇಡೂಣೇನು?" ಎಂದರು.

ಒಮ್ಮೆ ನನ್ನ ಅಕ್ಕನನ್ನು ನೋಡಲು ರಾಯಬಾಗದಿಂದ ಗಂಡಿನವರು ಬಂದರು. ಹುಡುಗನ ತಂದೆ ಅಂಗಳದ ನೀರಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತ, "ಮತ್ತೇನ್ರಿ ವಿಶೇಷ?" ಎಂದುಬಿಟ್ಟರು. ಅಷ್ಟು ಸಾಕಾಯಿತು. ಕಾಕಾ ಹಿಟ್ಟು ನಾದುವ ಪರಾತ ತಂದು ತೊಟ್ಟಿಯ ತಳಕ್ಕೆ ಇಳಿಸಿ, "ಇದು ಸಮುದ್ರದ ತಳಾ ಅನ್ಕೋರ್ರಿ" ಎಂದು ಎರಡೂ ಕೈಯಿಂದ ಜೋರಾಗಿ ಮೇಲೆತ್ತಿದ. ಅವರು ರುಮಾಲಿನಿಂದ ಧೋತರದ ತನಕ ತೊಯ್ದರು. ಸಂಬಂಧ ಮಾತ್ರ ಕೂಡಿತು. ಹೆಣ್ಣಿನವರ ಧೋತರ ಉಟ್ಟುಕೊಂಡು ಕೂತವರು ಬ್ಯಾಡ ಅನ್ನುವುದಾದರೂ ಹೇಗೆ?

ಕಾಕಾನ ಹೆಂಡತಿ, ನಮ್ಮ ಕಾಕುಗೆ ಮೊಣಕಾಲು ನೋವು. ಕೂತಲ್ಲಿಂದಲೇ ಬೈಯುತ್ತಿದ್ದಳು: "ಬಾವ್ಯಾಗ ನೀರಿಲ್ಲ, ಇವರಿಗೆ ಸಮುದ್ರದ ಚಿಂತಿ."

ತೊಂಬತ್ತರ ದಶಕದಲ್ಲಿ ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಕೊಂಕಣಕ್ಕೆ ಹೋದೆವು. ಕಾಕಾ ಕೊನೆಗೂ ಸಮುದ್ರ ಕಂಡ. ನೀರಿಗೆ ಮಾತ್ರ ಇಳಿಯಲಿಲ್ಲ. ಎಮ್ಮೆ ಕೊಳ್ಳಲು ಬಂದವನ ಹಾಗೆ ದೂರ ನಿಂತು, ಮೇಲಿಂದ ಕೆಳಗೆ ನೋಡಿದ. ನಾವು ಬುತ್ತಿ ಉಂಡು, ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ನೀರು ಬಹಳ ಹಿಂದೆ ಸರಿದಿತ್ತು. ಕಾಕಾನ ಮುಖ ಬಿಳಿಚಿಕೊಂಡಿತು.

"ದೊಡ್ಡ ತೆರಿ ಬರೂಕಿಂತ ಮೊದಲ ನೀರು ಹಿಂದ ಹೋಗತೈತಿ. ಏಳ್ರಿ, ಗುಡ್ಡಾ ಹತ್ತರಿ!"

ವರ್ಷಗಟ್ಟಲೆ ನಕ್ಕವರು ನಾವೇ. ಆದರೂ ಆ ದನಿ ಕೇಳಿ ಎಲ್ಲರೂ ಓಡಿದೆವು. ಗುಡ್ಡದ ಮೇಲಿಂದ ತಿರುಗಿ ನೋಡಿದರೆ, ಕಾಕುವನ್ನು ಬೆನ್ನ ಮೇಲೆ ಹೊತ್ತುಕೊಂಡು ಕಾಕಾ ಬರಿಗಾಲಲ್ಲಿ ಏರಿ ಬರುತ್ತಿದ್ದ.

ಕೆಳಗೆ ಮೀನು ಒಣಹಾಕುತ್ತಿದ್ದ ಹೆಂಗಸು ಮರಾಠಿಯಲ್ಲಿ ಕೂಗಿ ಹೇಳಿದಳು: "ಅಹೋ, ಓಹೋಟಿ ಆಹೇ ತೀ. ರೋಜಚೀಚ." ಅದು ದಿನಾ ಇಳಿಯುವ ಇಳಿತವಂತೆ, ಇನ್ನು ಸ್ವಲ್ಪ ಹೊತ್ತಿಗೆ ನೀರು ತಾನೇ ವಾಪಸು ಬರುತ್ತದಂತೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಾಕು ನಗಲಿಲ್ಲ. ಅವಳನ್ನು ಕಲ್ಲಿನ ಮೇಲೆ ಕೂರಿಸಿ ಕಾಕಾ ಏದುಸಿರು ಬಿಡುತ್ತಿದ್ದ. ಚಿಪ್ಪು ಕೊಯ್ದ ಪಾದದಿಂದ ರಕ್ತ ಸೋರುತ್ತಿತ್ತು.

"ನನ್ನ ಅಲ್ಲೇ ಬಿಟ್ಟು ಓಡಬೇಕಾಗಿತ್ತಲ್ರಿ," ಎಂದಳು.

ಎಲ್ಲದಕ್ಕೂ ವಿವರಣೆ ಕೊಡುವ ಮನುಷ್ಯ ಬಗ್ಗಿ ಅವಳ ಮೊಣಕಾಲು ನೀವತೊಡಗಿದ. ಕಾಕು ಸೆರಗಿನಿಂದ ಅವನ ಪಾದ ಒರೆಸಿದಳು. ಆಮೇಲೆ ಕಲ್ಲಿನ ಮೇಲೆ ಸ್ವಲ್ಪ ಸರಿದು, ಅವನಿಗೂ ಜಾಗ ಮಾಡಿಕೊಟ್ಟಳು.